ಓಬಣ್ಣನ ಬಾವಿಯ ನೀರು

ಹಲವಾಗಲು
ಸೆಪ್ಟೆಂಬರ್ 24

ಕ್ರಾಂತಿಗೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಈ ಮನೆಯಲ್ಲಿರುವುದು ನಿನ್ನ ಅಣ್ಣ ಜಂಬುನಾಥನ ಫೋನು ಒಂದೇ. ಹೊಳೆ ಬಂದಾಗ ನೀರು ಕುಡಿದು ಈಗ ಸ್ಪೀಕರಿನಲ್ಲಿ ಮಾತ್ರ ಮಾತಾಡುತ್ತದೆ. ನಾನು ಹೇಳಿದ್ದು ಅರ್ಧ ಕೇರಿಗೆ ಕೇಳುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದ ಕೈ ಇದು, ಬರೆಯಲು ನನಗೇನೂ ಕಷ್ಟವಿಲ್ಲ.

ಸೋಮವಾರ ನಿಮ್ಮ ಆಫೀಸಿನವರು ಪ್ರವಾಹದ ಆರೋಗ್ಯ ಸಮೀಕ್ಷೆ ಎಂದು ಬಂದಿದ್ದರು. ಊರ ನಡುವಿನ ಕಟ್ಟೆಯ ಮೇಲೆ ಒಂದು ಪೆನ್ನು ಇಟ್ಟು ಗಿರ್ರನೆ ತಿರುಗಿಸಿದರು. ಚಹದಂಗಡಿ ಉಜ್ಜಿನಪ್ಪ ಸುಮ್ಮನಿರುವವನೇ? "ಹೆಣ್ಣು ನೋಡಾಕ ಬಂದೀರೋ, ಕಳ್ಳರನ್ನ ಹುಡುಕಾಕ ಬಂದೀರೋ? ಪೆನ್ನು ಕೇಳಿ ಮನಿಗೆ ಹೋಗ್ತೀರಲ್ಲ!" ಎಂದ. ಪೆನ್ನಿನ ಮೂತಿ ನಮ್ಮ ಕೇರಿಯ ಕಡೆ ತಿರುಗಿ ನಿಂತಿತು. ಆ ದಿಕ್ಕಿನ ಮನೆಗಳನ್ನು ಎಣಿಸಿ ಚೀಟಿ ಎತ್ತಿದರು. ನಮ್ಮದೇ ಮನೆ ಬಂತು.

ಒಳಗೆ ಬಂದವನು ಮೌನೇಶ್ ಎಂಬವನು. ಮರ್ಯಾದಸ್ಥ. ಹೊರಗೇ ಚಪ್ಪಲಿ ಬಿಟ್ಟ. "ಅವ್ವಾ, ಇಷ್ಟ ಇಲ್ಲಂದ್ರ ಹೇಳಬ್ಯಾಡ್ರಿ, ನಿಮ್ಮ ಹೆಸರು ಎಲ್ಲೂ ಬರಿಯಂಗಿಲ್ಲ" ಎಂದು ಮೊದಲೇ ಹೇಳಿದ. ಕಾರಹುಣ್ಣಿಮೆಯಿಂದ ಈಚೆಗೆ ಈ ಮನೆಯ ಒಲೆಯ ಮೇಲಿನದನ್ನು ಉಂಡವರು ಎಷ್ಟು ಜನ ಎಂದು ಕೇಳಿದ. ನಾನು, ಜಂಬುನಾಥ, ಅವನ ಹೆಂಡತಿ ಲಕ್ಷ್ಮಿದೇವಿ, ಮೂವರು ಎಂದೆ. ಹುಟ್ಟಿದವರು? ಇಲ್ಲ. ತೀರಿಕೊಂಡವರು? ಇಲ್ಲ. ಬೇಧಿ, ಜ್ವರ? ಯಾರಿಗೂ ಇಲ್ಲ.

ಮಾತಿನ ನಡುವೆ ಅವನು ಚೀಲದಿಂದ ತನ್ನ ಬಾಟಲಿ ತೆಗೆದ. "ಯಾಕಪ, ನಮ್ಮ ಬಾವಿ ನೀರು ನಿನಗೂ ಆಗಂಗಿಲ್ಲೇನು?" ಎಂದೆ. ಪಾಪ, ಕೆಂಪಗಾಗಿ ಬಾಟಲಿ ಒಳಗಿಟ್ಟು, ನಾನು ಕೊಟ್ಟ ತಂಬಿಗೆ ನೀರು ಪೂರ್ತಿ ಕುಡಿದ.

ಲಕ್ಷ್ಮಿದೇವಿ ಇಟ್ಟಿಗಿಯಲ್ಲೇ, ಅವಳ ಅಪ್ಪನ ಮನೆಯಲ್ಲೇ ಇದ್ದಾಳೆ. ಮೈ ಸುಧಾರಿಸಿಕೊಳ್ಳಲಿ. ನೀನು ಈ ಕಡೆ ಬಂದು ಎರಡು ವರ್ಷವಾಯಿತು ಎಂದು ನೆನಪಿಸುವ ಕೆಲಸ ನನ್ನದಲ್ಲ.

ಹುಲುಗಮ್ಮ


ಕೂಡ್ಲಿಗಿ
ಸೆಪ್ಟೆಂಬರ್ 30

ಅವ್ವಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಹುಟ್ಟಿದವರು ಇಲ್ಲ, ತೀರಿಕೊಂಡವರು ಇಲ್ಲ ಎಂದೆಯಾ? ಹೊಳೆ ಬಂದ ನಾಲ್ಕನೆಯ ದಿನ ಲಕ್ಷ್ಮಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಹತ್ತೊಂಬತ್ತನೆಯ ದಿನ ಹೋಯಿತು. ಅಷ್ಟನ್ನಾದರೂ ಅಣ್ಣ ನನಗೆ ಫೋನ್ ಮಾಡಿ ಹೇಳಿದ್ದ.

ಯಾವ ಫಾರಂ ಯಾರ ಮನೆಯದು ಎಂದು ನನಗೆ ಗೊತ್ತಾಗಬಾರದು. ಅದು ನಮ್ಮ ಕೆಲಸದ ಕಟ್ಟಳೆ. ಸ್ವಂತ ಮನೆಯ ಉತ್ತರವನ್ನು ನಾನು ತಿದ್ದುವಂತೆಯೂ ಇಲ್ಲ. ಆದರೆ ನೀನಾಗಿಯೇ ಬರೆದು ತಿಳಿಸಿದೆ. ಈಗ ಗೊತ್ತಿದ್ದೂ ಸುಮ್ಮನಿರುವುದು ಹೇಗೆ?

ಹೊಳೆದಂಡೆಯ ಊರುಗಳಲ್ಲಿ ಪೆನ್ನು ತಿರುಗಿಸಿ, ಚೀಟಿ ಎತ್ತಿ ನಾವು ಹೋದದ್ದು ಮುನ್ನೂರು ಮನೆಗೆ ಮಾತ್ರ. ನಿನ್ನ ಒಂದು ಮನೆಯ ಮಾತು ಉಳಿದ ಐವತ್ತು, ಅರವತ್ತು ಮನೆಗಳ ಪರವಾಗಿಯೂ ಲೆಕ್ಕಕ್ಕೆ ಬರುತ್ತದೆ. ನೀನು 'ಇಲ್ಲ' ಅಂದರೆ ಅಷ್ಟು ಮನೆಗಳೂ 'ಇಲ್ಲ' ಅಂದ ಹಾಗೆ. ನಮ್ಮ ಪಟ್ಟಿಯಲ್ಲಿ ಈಗ ಎರಡು ತಿಂಗಳೊಳಗಿನ ಒಂಬತ್ತು ಕೂಸುಗಳ ಸಾವಿದೆ. ನಿನ್ನ ಹಾಗೆ ಬಾಯಿ ಮುಚ್ಚಿಕೊಂಡ ಮನೆಗಳು ಇನ್ನೆಷ್ಟೋ ನನಗೆ ಗೊತ್ತಿಲ್ಲ.

ಮೌನೇಶ್ ಹಲವಾಗಲಿನಿಂದ ಬಂದವನು ಎರಡು ದಿನ ರಜೆ ಹಾಕಿದ್ದಾನೆ. ಹೊಟ್ಟೆಗೆ ಏನಾಯಿತು ಎಂದರೆ ಹೇಳುತ್ತಿಲ್ಲ.

ಕ್ರಾಂತಿ


ಹಲವಾಗಲು
ಅಕ್ಟೋಬರ್ 5

ಕ್ರಾಂತಿಗೆ,

ಮಗಳು ತಾಯಿಗೆ ಬರೆದ ಕಾಗದವೋ, ಪೊಲೀಸರು ಬರೆದ ಕಾಗದವೋ ತಿಳಿಯಲಿಲ್ಲ.

ನಿನ್ನ ಮೌನೇಶ್ ಕೇಳಿದ್ದು ಒಲೆಯ ಮೇಲಿನದನ್ನು ಉಂಡವರನ್ನು. ಹಾಲು ಕುಡಿಯುವ ಕೂಸು ನನ್ನ ಒಲೆಯದನ್ನು ಏನು ಉಂಡಿತ್ತು? ತೊಟ್ಟಿಲಿಗೆ ಹಾಕಿರಲಿಲ್ಲ, ಕಿವಿಯಲ್ಲಿ ಹೆಸರು ಕೂಗಿರಲಿಲ್ಲ. ಹಾಗೆ ಹೋದ ಕೂಸಿನ ಸುದ್ದಿಯನ್ನು ಹೊಸ್ತಿಲ ಒಳಗೆ ಎತ್ತಬಾರದು, ಎತ್ತಿದರೆ ಮುಂದಿನ ಬಸಿರು ನಿಲ್ಲುವುದಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ನಾನು ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಹೇಳಬಾರದ್ದನ್ನು ಹೇಳಲಿಲ್ಲ, ಅಷ್ಟೇ.

ಲಕ್ಷ್ಮಿದೇವಿಗೆ ತಾಯಿ ಇಲ್ಲ. ತವರಿಗೆ ಕಳಿಸಿದರೆ ನೋಡುವವರಿಲ್ಲ ಎಂದು ಬಾಣಂತನವನ್ನು ನಾನೇ ಮಾಡಿದೆ. ಶಾಲೆಯ ಕೋಣೆಯಲ್ಲಿ ಇಪ್ಪತ್ತು ಮನೆಗಳವರ ನಡುವೆ ಸೀರೆ ಅಡ್ಡ ಕಟ್ಟಿ, ನೀರು ಇಳಿದ ಮೇಲೆ ಮನೆಯ ಕೆಸರು ಬಳಿದು, ಒಂದು ದಿನವೂ ತಪ್ಪಿಸದೆ ಎರೆದೆ. ಕೂಸಿಗೆ ಹಸಿರು ಬೇಧಿ ಶುರುವಾಯಿತು. ಮೂರು ದಿನದಲ್ಲಿ ಕಣ್ಣು ಒಳಗೆ ಹೋದವು. ತಾಯಿಯ ಹಾಲು ನಂಜಾಗಿತ್ತು. ಅದನ್ನು ನಾನೇ ಹೇಳಿದೆ, ಎಲ್ಲರೆದುರಿಗೆ ಹೇಳಿದೆ. ಬೇರೆ ಯಾವ ಕಾರಣವಿದೆ?

ನೀನು ಬಾವಿಯ ಮಾತು ಎತ್ತಲಿಲ್ಲ, ಆದರೆ ಮೌನೇಶನ ಹೊಟ್ಟೆಯ ಮಾತು ಎತ್ತಿದೆ. ನನಗೆ ತಿಳಿಯುವುದಿಲ್ಲವೇ? ಕೇಳು. ನನ್ನ ಅತ್ತೆ ಮೇಲಿನ ಓಣಿಯ ಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಲ್ಲುತ್ತಿದ್ದಳು. ಯಾರಾದರೂ ಸೇದಿ, ಮೇಲಿಂದ ಹೊಯ್ಯಬೇಕು. ಹೊಯ್ಯುವ ಮನಸ್ಸು ಬರುವವರೆಗೆ ನಿಲ್ಲಬೇಕು. ಅದನ್ನು ನೋಡಲಾರದೆ ನನ್ನ ಮಾವ ಓಬಣ್ಣ ತಮ್ಮಂದಿರಿಬ್ಬರನ್ನು ಕಟ್ಟಿಕೊಂಡು ಎರಡು ಬೇಸಿಗೆ ಅಗೆದ. ಎಂಟಾಳು ಆಳದಲ್ಲಿ ನೀರು ಸಿಕ್ಕಿತು. ಅವತ್ತಿನಿಂದ ಈ ಮನೆಯ ಹೆಣ್ಣು ಯಾರ ಬಾಗಿಲಲ್ಲೂ ನೀರು ಕೇಳಿ ನಿಂತಿಲ್ಲ. ನಾನೂ ನಿಲ್ಲುವುದಿಲ್ಲ.

ಪಂಚಾಯಿತಿಯವನು ಬ್ಲೀಚಿಂಗ್ ಪುಡಿಯ ಬಕೆಟ್ಟು ಹಿಡಿದು ಬಂದಾಗ, "ನಮ್ಮ ನೀರು ಹೊಲಸಂತ ಯಾರು ಹೇಳ್ಯಾರ? ಮೊದಲು ಮ್ಯಾಲಿನ ಓಣ್ಯಾಗ ಹಾಕಿ ಬಾ" ಎಂದು ಕಳಿಸಿದ್ದು ನಾನೇ. ಇನ್ನೊಮ್ಮೆ ಬಂದರೂ ಹಾಗೇ ಕಳಿಸುತ್ತೇನೆ.

ಹುಲುಗಮ್ಮ


ಕೂಡ್ಲಿಗಿ
ಅಕ್ಟೋಬರ್ 11

ಅವ್ವಾ,

ಜಗಳವಾಡುವ ಶಕ್ತಿ ನನಗಿಲ್ಲ. ಕೆಲಸದ ಮಾತು ಬರೆಯುತ್ತೇನೆ.

ಸತ್ತ ಒಂಬತ್ತು ಕೂಸುಗಳ ಮನೆಯಲ್ಲೂ ನಾವು ಒಂದು ಪ್ರಶ್ನೆ ಕೇಳಿದ್ದೆವು. ತಾಯಿಯ ಹಾಲು ಬಿಟ್ಟು ಬೇರೆ ಹಾಲು, ನೀರು, ಊಟ ಏನಾದರೂ ಕೊಟ್ಟಿದ್ದಿರಾ? ಒಂಬತ್ತೂ ಮನೆಯವರು ಇಲ್ಲ ಎಂದರು. ನೀರೇ ಕುಡಿಯದ ಕೂಸು ನೀರಿನಿಂದ ಹೇಗೆ ಸಾಯುತ್ತದೆ? ಹಾಗಾದರೆ ಬಾವಿಗಳದ್ದು ತಪ್ಪಲ್ಲ, ತಾಯಂದಿರಲ್ಲೇ ಏನೋ ಕೊರತೆ ಎಂದು ವರದಿ ಆಗುತ್ತದೆ. ಬಾವಿಗಳ ಕೆಸರು ಬಳಿಯುವ, ಔಷಧ ಹಾಕುವ ಕೆಲಸ ಹಿಂದೆ ಬೀಳುತ್ತದೆ. ಇದೇ ಇಪ್ಪತ್ತೇಳಕ್ಕೆ ಪಟ್ಟಿ ಮುಚ್ಚುತ್ತಾರೆ.

ಆ ಪ್ರಶ್ನೆ ಬರೆದವಳು ನಾನು.

ಇಲ್ಲಿ ನಮ್ಮ ಓನರಮ್ಮ ಅನ್ನದಾನಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೊನ್ನೆ ಸಂಜೆ ಅನ್ನದಾನಮ್ಮ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಬಜೆಯ ಬೇರು ತೇಯುತ್ತಿದ್ದರು. ಬೆರಳಿನಿಂದ ಬಳಿದು ಕೂಸಿನ ನಾಲಿಗೆಗೆ ಹಚ್ಚಿದರು. "ಕೂಸಿಗೆ ನೀರು ಕೊಡ್ತೀರೇನ್ರಿ?" ಎಂದೆ. "ಅಯ್ಯ, ಹಸಗೂಸಿಗೆ ಯಾರಾದರೂ ನೀರು ಕೊಡ್ತಾರೇನು?" ಎಂದು ನನ್ನನ್ನೇ ಬೈದರು. ಕಲ್ಲು ಇನ್ನೂ ಅವರ ಕೈಯಲ್ಲೇ ಒದ್ದೆಯಾಗಿತ್ತು.

ನಾನೂ ನಿನ್ನ ಕಲ್ಲಿನ ಬಜೆ ನೆಕ್ಕಿಯೇ ಬೆಳೆದವಳು. ಆದರೂ ಪ್ರಶ್ನೆ ಬರೆಯುವಾಗ ನೆನಪಾಗಲಿಲ್ಲ. ಬಜೆಯನ್ನು ನಾವು ಯಾರೂ ನೀರು ಎಂದುಕೊಳ್ಳುವುದೇ ಇಲ್ಲವಲ್ಲ.

ಅವ್ವಾ, ಲಕ್ಷ್ಮಿಯ ಕೂಸಿಗೆ ದಿನಾ ಬಜೆ ತೇಯ್ದವರು ಯಾರು? ಯಾವ ನೀರಿನಲ್ಲಿ?

ಮರುಪರಿಶೀಲನೆಗೆ ಮೌನೇಶ್ ನಿಮ್ಮೂರಿಗೆ ಬರುತ್ತಾನೆ. ಒಳಗೆ ಪರೀಕ್ಷೆಯ ಔಷಧ ಹಾಕಿದ ಎರಡು ಸಣ್ಣ ಶೀಶೆ ಕೊಡುತ್ತಾನೆ. ಬಾವಿಯ ನೀರು ತುಂಬಿ, ಬಿರಡೆ ಹಾಕಿ ಎರಡು ದಿನ ಇಡು. ನೀರು ಚೆನ್ನಾಗಿದ್ದರೆ ಹಾಗೇ ಇರುತ್ತದೆ. ಹೊಲಸು ಸೇರಿದ್ದರೆ ಕಪ್ಪಾಗುತ್ತದೆ. ನನ್ನ ಮಾತು ನಂಬಬೇಡ, ನಿನ್ನ ಕಣ್ಣಾರೆ ನೋಡು. ನೋಡಿದ ಮೇಲೆ ಏನು ಹೇಳಬೇಕು, ಹೇಳಬಾರದು ಎಂಬುದು ನಿನಗೆ ಬಿಟ್ಟದ್ದು. ಫಾರಂ ತಿದ್ದಬೇಕಾದರೆ ನೀನೇ ಅವನನ್ನು ಕರೆದು ಹೇಳಬೇಕು. ಯಾರೂ ನಿನ್ನನ್ನು ಒತ್ತಾಯ ಮಾಡುವಂತಿಲ್ಲ, ನಾನೂ ಸೇರಿ.

ಕ್ರಾಂತಿ


ಹಲವಾಗಲು
ಅಕ್ಟೋಬರ್ 22

ಕ್ರಾಂತಿಗೆ,

ಹತ್ತು ದಿನ ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದ ಎಂದುಕೊಂಡಿರುತ್ತೀಯ. ಮೊದಲ ಮೂರು ದಿನ ಸಿಟ್ಟಿನಿಂದಲೇ.

ಮೌನೇಶ್ ತಂದುಕೊಟ್ಟ ಶೀಶೆಗೆ ನೀರು ತುಂಬಿ ಗೂಡಿನಲ್ಲಿ ಬಾಬಾಸಾಹೇಬರ ಪಟದ ಪಕ್ಕ ಇಟ್ಟೆ. ಮರುದಿನ ಚಹದ ಬಣ್ಣಕ್ಕೆ ತಿರುಗಿತು. ಅದರ ಮರುದಿನ ಬೆಳಿಗ್ಗೆ ಒಲೆಯ ಮಸಿಯ ಹಾಗೆ ಕಪ್ಪು. ಕೊಡ ಹೊಲಸಿತ್ತೇನೋ ಎಂದು ಬೂದಿ ಹಾಕಿ ತಿಕ್ಕಿದೆ, ಹಗ್ಗ ಬದಲಿಸಿದೆ, ಜಂಬುನಾಥನನ್ನು ದೂರ ನಿಲ್ಲಿಸಿ ನಾನೇ ಸೇದಿ ಎರಡನೆಯ ಶೀಶೆ ತುಂಬಿದೆ. ಅದೂ ಕಪ್ಪಾಯಿತು. ಅದನ್ನು ಸೆರಗಿನಲ್ಲಿ ಮುಚ್ಚಿ ಹಿತ್ತಲಿಗೆ ಒಯ್ದೆ. ಹೂಳಲು ಗುಂಡಿಯನ್ನೂ ತೋಡಿದೆ. ಇದನ್ನು ನೀನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಹೂಳುವಷ್ಟರಲ್ಲಿ ಪಕ್ಕದ ಮನೆಯ ಗೀತಮ್ಮನ ಅತ್ತೆ ಕರಿಯಕ್ಕ ಬಂದಳು. ಗೀತಮ್ಮ ಹಡೆದು ಹನ್ನೊಂದು ದಿನ, ಗಂಡು.

"ಹುಲುಗವ್ವ, ನಿನ್ನ ಬಜಿ ಕಲ್ಲು ಕೊಡು. ಇಲ್ಲಂದ್ರ ನೀನ ತೇಯ್ದು ಕೊಡು, ನಿನ್ನ ಕೈಗುಣ ಚಲೋ ಐತಿ."

"ಯಾಕ, ಏನಾಗೇತಿ?"

"ನಿನ್ನೆಯಿಂದ ಹಸರು ಹೊಂಟೈತಿ. ನಮ್ಮ ಗೀತಿ ಹಾಲ ನಂಜಾಗ್ಯಾವೋ ಏನೋ. ನಿನ್ನ ಸೊಸಿದೂ ಹಂಗ ಆಗಿತ್ತಲ್ಲ."

ನನ್ನ ಮಾತನ್ನೇ ಅವಳು ನನಗೆ ಹೇಳಿದಳು, ಕ್ರಾಂತಿ. ಹಾಲು ನಂಜಾಗಿದೆ ಎಂದು ನಾನು ಹೇಳಿದ್ದು ಈ ಕೇರಿಯಲ್ಲಿ ನಿಂತುಬಿಟ್ಟಿದೆ. ಇನ್ನು ಯಾವ ಕೂಸು ಹೋದರೂ ಅದರ ತಾಯಿಯ ಹಾಲಿನದ್ದೇ ತಪ್ಪು.

ಕಲ್ಲು ಕೊಡಲಿಲ್ಲ. "ನಡಿ ನಿಮ್ಮನಿಗೆ" ಎಂದು ಶೀಶೆ ಹಿಡಿದು ಹೊರಟೆ. ದಾರಿಯಲ್ಲಿ ಬಾವಿಯ ಹತ್ತಿರ ಏಳೆಂಟು ಹೆಂಗಸರು ನೀರು ಸೇದುತ್ತಿದ್ದರು. ಅಲ್ಲೇ ನಿಂತೆ.

"ಇದು ಈ ಬಾವಿ ನೀರು. ಎರಡು ದಿನಕ್ಕ ಹಿಂಗಾಗೇತಿ. ಹೊಳಿ ಹೊಲಸು ಇದರಾಗ ಇಳಿದೈತಿ. ಇದೇ ನೀರಾಗ ನಾನು ಬಜಿ ತೇಯ್ದೆ. ಹೊಳಿ ಇಳಿದು ಮನಿಗೆ ಬಂದಾಗಿಂದ ಒಂದು ಸಂಜಿನೂ ತಪ್ಪಿಸಲಿಲ್ಲ. ನನ್ನ ಸೊಸಿ ಹಾಲಾಗ ಏನೂ ಇರಲಿಲ್ಲ. ಗೀತಿ ಹಾಲಾಗೂ ಏನಿಲ್ಲ. ಯಾರೂ ಕೂಸಿಗೆ ಏನೂ ನೆಕ್ಕಿಸಬ್ಯಾಡ್ರಿ."

ಕರಿಯಕ್ಕ, "ಓಬಣ್ಣಜ್ಜನ ಬಾವಿಗೆ ನೀನ ಹಿಂಗಂದ್ರ?" ಎಂದಳು. "ಬಾವಿ ತೋಡಿದಾವ ಹೊಲಸು ಹಾಕಿಲ್ಲ. ತಗೀಲಾರದೆ ಬಿಟ್ಟಾಕಿ ನಾನು" ಎಂದೆ.

ಗೀತಮ್ಮನನ್ನೂ ಕೂಸನ್ನೂ ಜಂಬುನಾಥನೊಂದಿಗೆ ಹರಪನಹಳ್ಳಿ ಆಸ್ಪತ್ರೆಗೆ ಕಳಿಸಿದೆ. ಸಲೈನ್ ಬಾಟಲಿ ಹಚ್ಚಿದ್ದಾರೆ. ಏನಾಗುತ್ತದೋ ತಿಳಿಯದು. ಅಲ್ಲಿಂದ ಯಾರಾದರೂ ಸುದ್ದಿ ತರುತ್ತಾರೆಯೇ ಎಂದು ಬಾಗಿಲಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಪಂಚಾಯಿತಿಯವನಿಗೆ ಹೇಳಿ ಕಳಿಸಿದ್ದೇನೆ. ಪುಡಿ ತಂದರೆ ನಾನೇ ಹಾಕುತ್ತೇನೆ. ಮೌನೇಶನನ್ನು ಕಳಿಸು. ನನ್ನ ಮನೆಯಲ್ಲಿ ಹುಟ್ಟಿದವರು ಒಬ್ಬರು, ಹೋದವರು ಒಬ್ಬರು ಎಂದು ಬರೆದುಕೊಳ್ಳಲಿ. ವಯಸ್ಸು ಹತ್ತೊಂಬತ್ತು ದಿನ. ಬರುವಾಗ ತನ್ನ ಬಾಟಲಿ ತಂದು ತನ್ನದನ್ನೇ ಕುಡಿಯಲಿ.

ಹುಲುಗಮ್ಮ


ಹಲವಾಗಲು
ಅಕ್ಟೋಬರ್ 23

ಲಕ್ಷ್ಮಿದೇವಿಗೆ,

ಅತ್ತೆ ಸೊಸೆಗೆ ಕಾಗದ ಬರೆಯುವುದು ನಮ್ಮಲ್ಲಿ ಇಲ್ಲ. ಬರೆಯುತ್ತಿದ್ದೇನೆ.

ನಿನ್ನ ಹಾಲು ನಂಜಾಗಿರಲಿಲ್ಲ. ಹೊಳೆಯ ನೀರು ಹೊಕ್ಕ ಬಾವಿಯ ನೀರಿನಲ್ಲಿ ನಾನು ಬಜೆ ತೇಯ್ದು ನೆಕ್ಕಿಸಿದ್ದೆ. ಒಂದು ದಿನ ನೀನು, "ಅತ್ತೆ, ನೀರು ವಾಸನಿ ಬರತೈತಿ, ಇವತ್ತು ಬ್ಯಾಡ" ಎಂದೆ. ನಾನು ಕೇಳಲಿಲ್ಲ. ಅದನ್ನು ನೀನು ಯಾರಿಗೂ ಹೇಳಲಿಲ್ಲ, ನನಗೂ ಎತ್ತಿ ಆಡಲಿಲ್ಲ. ನಾನು ಮರೆತಿರಲಿಲ್ಲ.

ನಿನ್ನ ಗಂಡ ಬಂದು ನಿನ್ನನ್ನು ಕರೆಯುತ್ತಾನೆ ಎಂದು ಬರೆಯುವುದು ಸುಲಭ. ಬರುವುದು, ಬಿಡುವುದು ನಿನ್ನ ಇಷ್ಟ. ಕೇರಿಯ ಹೆಂಗಸರ ಮುಂದೆ ನಿಜ ಹೇಳಿದ್ದೇನೆ. ನಿನಗೂ ತಿಳಿಯಲಿ ಎಂದು ಬರೆದೆ.

ಹುಲುಗಮ್ಮ


ಇಟ್ಟಿಗಿ
ನವೆಂಬರ್ 2

ಅತ್ತೆಯವರಿಗೆ,

ಕಾಗದ ಬಂತು. ಅಪ್ಪನಿಗೆ ಓದಲು ಬರುವುದಿಲ್ಲ, ನಾನು ಓದಿ ಹೇಳಲಿಲ್ಲ.

ನೀವು ಹಲವಾಗಲಿನಲ್ಲಿ ಹೇಳಿದರೆ ನನಗೇನು ಬಂತು? ನಾನಿರುವುದು ಇಲ್ಲಿ. ನಿಮ್ಮ ಮಾತು ನನಗಿಂತ ಮೊದಲೇ ಇಲ್ಲಿಗೆ ಬಂದಿತ್ತು. ನಾನು ನಲ್ಲಿಯ ಹತ್ತಿರ ಹೋದರೆ ಕೂಸು ಎತ್ತಿಕೊಂಡವರು ಸೆರಗು ಮುಚ್ಚಿ ಆ ಕಡೆ ತಿರುಗುತ್ತಾರೆ. ನನ್ನ ಚಿಕ್ಕಮ್ಮನ ಮಗಳು ತನ್ನ ಮಗನನ್ನು ನನ್ನ ಕೈಗೆ ಕೊಡುವುದಿಲ್ಲ.

ಹೇಳುವುದಿದ್ದರೆ ಇಲ್ಲಿಗೆ ಬಂದು ಹೇಳಿ.

ಲಕ್ಷ್ಮಿದೇವಿ


ಹಲವಾಗಲು
ನವೆಂಬರ್ 8

ಕ್ರಾಂತಿಗೆ,

ನಿನ್ನ ಕಾಗದ ಬಂತು. ಒಂಬತ್ತು ಮನೆಗೂ ತಿರುಗಿ ಹೋಗಿ ಬಜೆಯ ನೀರಿನ ಮಾತು ಕೇಳಿದಿರಿ, ಏಳು ಮನೆಯವರು ಹೌದು ಎಂದರು ಎಂದು ಬರೆದಿದ್ದೀಯ. ಬಾವಿಗಳ ಕೆಲಸ ಮೊದಲು ಮಾಡುತ್ತಾರೆ ಎಂದದ್ದೂ ಓದಿದೆ. ಒಳ್ಳೆಯದಾಯಿತು. ಗೀತಮ್ಮನ ಮಗ ಮನೆಗೆ ಬಂದಿದ್ದಾನೆ, ಅಳುವ ದನಿ ನನ್ನ ಹಿತ್ತಲಿಗೆ ಕೇಳುತ್ತದೆ. ಕರಿಯಕ್ಕ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ.

ಮಂಗಳವಾರ ಇಟ್ಟಿಗಿಗೆ ಹೋಗಿದ್ದೆ. ಒಬ್ಬಳೇ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಇಳಿಯುವಾಗ ಹನ್ನೊಂದು ದಾಟಿತ್ತು, ಸುಡು ಬಿಸಿಲು. ಬೀಗ ಬೆನಕಪ್ಪನ ಮನೆಗೆ ಹೋಗದೆ ನೇರ ನಲ್ಲಿಯ ಹತ್ತಿರ ಹೋದೆ. ಹೆಂಗಸರು ಕೊಡ ಸಾಲು ಹಚ್ಚಿದ್ದರು. ಲಕ್ಷ್ಮಿದೇವಿ ಸಾಲಿನ ಕೊನೆಯಲ್ಲಿದ್ದಳು. ನನ್ನನ್ನು ನೋಡಿದಳು, ಕೊಡ ಕೆಳಗಿಡಲಿಲ್ಲ.

"ನಾನು ಇಕಿ ಅತ್ತಿ, ಹಲವಾಗಲದಾಕಿ" ಎಂದೆ. "ಇಕಿ ಹಾಲು ನಂಜಂತ ಹೇಳಿದಾಕಿ ನಾನ. ಅದು ಸುಳ್ಳು. ಕೆಟ್ಟ ನೀರಾಗ ಬಜಿ ತೇಯ್ದು ನೆಕ್ಕಿಸಿದ್ದು ನಾನು. ಇಕಿ ಬ್ಯಾಡ ಅಂದಿದ್ಳು."

ಒಬ್ಬ ಮುದುಕಿ ಬಾಯಿಯ ಎಲೆ ಉಗುಳಿ, "ಇಷ್ಟು ಹೇಳಾಕ ಅಲ್ಲಿಂದ ಬಂದ್ಯಾ, ಯವ್ವಾ?" ಎಂದಳು.

"ಇಷ್ಟ ಹೇಳಾಕ ಬಂದೀನಿ."

ಲಕ್ಷ್ಮಿದೇವಿ ಕೊಡ ತುಂಬಿಕೊಂಡು ಹೊರಟಳು. ನಾನು ಹಿಂದೆ ನಡೆದೆ. ಮನೆ ಬಂತು. ಅವಳು ಒಳಗೆ ಹೋದಳು. ಬಾ ಎನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಹೊಸ್ತಿಲ ಹೊರಗೆ ನಿಂತೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಬರುವಾಗ ನೀರು ತಂದಿರಲಿಲ್ಲ. ಎಷ್ಟು ಹೊತ್ತು ನಿಂತೆನೋ, ನೆರಳು ಗೋಡೆಯಿಂದ ಒಂದು ಮೊಳ ಸರಿದಿತ್ತು. ಒಳಗೆ ಅವಳು ಪಾತ್ರೆ ಎತ್ತಿಡುವುದು ಕೇಳುತ್ತಿತ್ತು.

"ಲಕ್ಷ್ಮೀ, ಕುಡಿಯಾಕ ಒಂಚೂರು ನೀರು ಕೊಡವ್ವ" ಎಂದೆ.

ಪಾತ್ರೆಯ ಸದ್ದು ನಿಂತಿತು. ಆಮೇಲೆ ತಂಬಿಗೆ ತಂದು ಕೊಟ್ಟಳು. ನೀರು ಇನ್ನೂ ಬೆಚ್ಚಗಿತ್ತು. "ಕಾಸಿದ್ದು" ಎಂದಳು. ಅಷ್ಟೇ ಮಾತಾಡಿದ್ದು. ಹೊರಗೆ ನಿಂತೇ ಕುಡಿದೆ, ಪೂರ್ತಿ ಕುಡಿದೆ. ಮೇಲಿನ ಓಣಿಯಲ್ಲಿ ನಮ್ಮತ್ತೆ ಮಾಡುತ್ತಿದ್ದ ಹಾಗೆ ತಂಬಿಗೆ ತೊಳೆದಿಡಲು ಅಂಗಳದ ಕಲ್ಲಿನ ಕಡೆ ಬಗ್ಗಿದೆ. ಅವಳು ಹೊಸ್ತಿಲು ದಾಟಿ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಹುಲುಗಮ್ಮ